ಮುಂದಿನ ಚಕ್ರ ಮೇಲೆದ್ದಾಗ ಎಂಜಿನ್ ಆಯಿಲ್ ಎಲ್ಲಿರುತ್ತದೆ?

ವಡೋದರಾ: ಮಗನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ ಬೆನ್ನಿಗೇ ಸ್ಪೋರ್ಟ್ಸ್ ಬೈಕಿನ ಬೇಡಿಕೆಯೂ ಮನೆಯೊಳಗೆ ಕಾಲಿಡುತ್ತದೆ. ಊರು ಬಿಟ್ಟು ಬಂದು ಬರೋಡಾ, ಅಹಮದಾಬಾದ್, ಸೂರತ್‌ಗಳ ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ನೆಲೆ ನಿಂತ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಕಂತಿನ ಮೇಲೆ ಬೈಕ್ ಬಂದ ಕೆಲವೇ ತಿಂಗಳಲ್ಲಿ, ಮುಂದಿನ ಚಕ್ರ ಗಾಳಿಯಲ್ಲಿರುವ ವಿಡಿಯೋ ಒಂದು ಹೇಗೋ ತಂದೆಯ ಮೊಬೈಲಿಗೂ ತಲುಪುತ್ತದೆ. 'ಎಂಜಿನ್ ಹಾಳಾಗುತ್ತದೆ ಮಾರಾಯಾ' ಎಂದು ತಂದೆ, 'ಏನೂ ಆಗುವುದಿಲ್ಲ ಅಪ್ಪಾ' ಎಂದು ಮಗ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ಚಕ್ರ ಎದ್ದ ಮಾತ್ರಕ್ಕೆ ಎಂಜಿನ್ ಕೆಡುವುದಿಲ್ಲ. ಕೆಡುವುದು ಆಯಿಲ್ ಸಿಗದೆ. ಇಂದಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್ನಿನ ತಳದ ಸಂಪ್ ಎಂಬ ಗುಂಡಿಯಲ್ಲಿ ಆಯಿಲ್ ನಿಂತಿರುತ್ತದೆ. 150 ಸಿಸಿ ಆಸುಪಾಸಿನ ಬೈಕಿನಲ್ಲಿ ಅದು ಸುಮಾರು ಒಂದು ಲೀಟರ್. ಅದನ್ನು ಪಂಪ್ ಹೀರಿ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್, ಮೇಲಿನ ಕ್ಯಾಮ್‌ಶಾಫ್ಟ್‌ಗಳಿಗೆ ಒತ್ತಡದಲ್ಲಿ ಕಳುಹಿಸುತ್ತದೆ. ಬೈಕ್ ಹಿಂದಕ್ಕೆ ವಾಲಿದೊಡನೆ ತಂಬಿಗೆ ಓರೆ ಮಾಡಿದಾಗ ನೀರು ಸರಿಯುವಂತೆ ಆಯಿಲ್ ಹಿಂಬದಿಗೆ ಸರಿಯುತ್ತದೆ. ಪಂಪಿನ ಹೀರುವ ಬಾಯಿ ಅಲ್ಲಿಲ್ಲದಿದ್ದರೆ ಅದು ಆಯಿಲಿನ ಬದಲು ಗಾಳಿ ಹೀರುತ್ತದೆ. ಈ ಬಾಯಿ ಎಲ್ಲಿದೆ ಎಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿ. ಹೀಗಾಗಿ ಒಬ್ಬನ ಬೈಕಿಗೆ ಆಗದ್ದು ಇನ್ನೊಬ್ಬನದಕ್ಕೂ ಆಗುವುದಿಲ್ಲ ಎನ್ನುವಂತಿಲ್ಲ.

ಒಂದೆರಡು ಕ್ಷಣ ಚಕ್ರ ಎದ್ದು ಇಳಿದರೆ, ಬೇರಿಂಗುಗಳ ಮೇಲೆ ಉಳಿದ ಆಯಿಲಿನ ಪದರವೇ ಎಂಜಿನ್ನನ್ನು ಕಾಪಾಡುತ್ತದೆ. ಬೈಕನ್ನು ಕಡಿದಾಗಿ ನಿಲ್ಲಿಸಿ ದೂರದವರೆಗೆ ಓಡಿಸಿದಾಗಲೇ ಅಪಾಯ. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್ ಎಂದರೆ ಸೆಕೆಂಡಿಗೆ 166ಕ್ಕೂ ಹೆಚ್ಚು ಸುತ್ತು. ಮೂರು ಸೆಕೆಂಡು ಆಯಿಲ್ ತಪ್ಪಿದರೆ ಲೋಹ ಲೋಹದ ಮೇಲೆ ಐನೂರು ಸುತ್ತು ತಿರುಗಿದ ಲೆಕ್ಕ. ಪುಣ್ಯಕ್ಕೆ ನಮ್ಮಲ್ಲಿ ಹೆಚ್ಚು ಓಡುವ ಒಂಟಿ ಸಿಲಿಂಡರ್ ಬೈಕುಗಳ ಕ್ರ್ಯಾಂಕ್ ಸಾಮಾನ್ಯವಾಗಿ ಬಾಲ್ ಮತ್ತು ರೋಲರ್ ಬೇರಿಂಗುಗಳ ಮೇಲೆ ನಿಂತಿರುತ್ತದೆ, ಅವು ಆಯಿಲಿನ ಕೊರತೆಯನ್ನು ತುಸು ತಾಳಿಕೊಳ್ಳುತ್ತವೆ. ಲಕ್ಷಗಟ್ಟಲೆ ಬೆಲೆಯ ನಾಲ್ಕು ಸಿಲಿಂಡರಿನ ದೊಡ್ಡ ಬೈಕುಗಳಲ್ಲಿ ಇರುವುದು ನುಣುಪು ಲೋಹದ ಪಟ್ಟಿಯಂಥ ಬೇರಿಂಗ್; ಒತ್ತಡದ ಆಯಿಲ್ ಪದರವಿಲ್ಲದೆ ಅದಕ್ಕೆ ಬದುಕೇ ಇಲ್ಲ. ದುಬಾರಿ ಬೈಕೇ ಇಲ್ಲಿ ಹೆಚ್ಚು ನಾಜೂಕು ಎಂಬುದು ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಈ ಹಾನಿ ಆ ದಿನವೇ ಕಾಣುವುದಿಲ್ಲ. ತಿಂಗಳುಗಳ ನಂತರ ತಳದಿಂದ ಟಕಟಕ ಸದ್ದು ಬರುತ್ತದೆ; ಮೆಕ್ಯಾನಿಕ್ ಎಂಜಿನ್ ಬಿಚ್ಚಬೇಕು ಎನ್ನುತ್ತಾನೆ. ಕಾರಣ ಮಗನಿಗೆ ಗೊತ್ತಿದ್ದರೂ ಬಿಲ್ಲು ತಂದೆಯ ಪಾಲಿಗೆ. 'ಆಯಿಲ್ ಸ್ವಲ್ಪ ಹೆಚ್ಚು ಹಾಕಿದರೆ ಸರಿ' ಎಂಬ ಉಪಾಯವೂ ಹುಡುಗರಲ್ಲಿ ಪ್ರಚಲಿತ. ಅತಿಯಾದರೆ ಆಯಿಲ್ ನೊರೆಯಾಗುತ್ತದೆ, ಉಸಿರುಕೊಳವೆಯ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಗೂ ನುಗ್ಗುತ್ತದೆ.

ಹಿರಿಯರು 'ನಮ್ಮ ಕಾಲದಲ್ಲಿ ಜಾವಾ ಎತ್ತಿದರೂ ಏನೂ ಆಗುತ್ತಿರಲಿಲ್ಲ' ಎಂದರೆ ಅದರಲ್ಲಿ ಸುಳ್ಳಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದುದರಿಂದ ಕ್ರ್ಯಾಂಕಿಗೆ ಅದು ಪೆಟ್ರೋಲಿನ ಜೊತೆಯಲ್ಲೇ ತಲುಪುತ್ತಿತ್ತು, ಬೈಕ್ ಹೇಗೆ ವಾಲಿದರೂ ಸರಿಯೇ. ಅಜ್ಜನ ಅನುಭವ ಮೊಮ್ಮಗನ ಬೈಕಿಗೆ ಅನ್ವಯಿಸದಿರುವುದು ಇದರಿಂದ.

ಎಂಜಿನ್ನಿಗಿಂತ ಮೊದಲು ಪೆಟ್ಟು ತಿನ್ನುವ ಭಾಗಗಳು ಬೇರೆಯೇ ಇವೆ. ಕ್ಲಚ್ ಫಕ್ಕನೆ ಬಿಟ್ಟು ಚಕ್ರ ಎತ್ತುವವರ ಕ್ಲಚ್ ಪ್ಲೇಟುಗಳು ಬೇಗ ಸವೆಯುತ್ತವೆ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ ಸವೆದ ಪುಡಿ ಅದೇ ಆಯಿಲಿಗೆ ಸೇರುತ್ತದೆ. ಚೈನು, ಸ್ಪ್ರಾಕೆಟ್ಟುಗಳಿಗೆ ಎಳೆತ. ಚಕ್ರ ದೊಪ್ಪನೆ ನೆಲಕ್ಕೆ ಬಿದ್ದಾಗ ಮುಂದಿನ ಫೋರ್ಕಿನ ಸೀಲ್, ಹ್ಯಾಂಡಲಿನ ಕೋನ್ ಸೆಟ್, ರಿಮ್ಮು ಎಲ್ಲಕ್ಕೂ ಏಟು.

ಕಂಪನಿಗಳೇ ಈಗ ಕೆಲವು ಬೈಕುಗಳಲ್ಲಿ ಮುಂದಿನ ಚಕ್ರ ಏಳದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕೊಡುತ್ತಿವೆ. 2023ರಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಆರ್ 310ಕ್ಕೂ ಇದು ಲಭ್ಯ. ಹುಡುಗರು ಅದನ್ನೇ ಆಫ್ ಮಾಡಿ ಎತ್ತುತ್ತಾರೆ ಎಂಬುದು ಬೇರೆ ಮಾತು.

ಊರಿನ ಸುದ್ದಿಯೂ ಇದೇ ಜಾಡಿನದು. 2024ರ ಆಗಸ್ಟ್‌ನಲ್ಲಿ ನೆಲಮಂಗಲ ಬಳಿ ಹೆದ್ದಾರಿಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ರೊಚ್ಚಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಗೆಸೆದರು. ಗಂಗಾವತಿಯ ಪ್ರಕರಣವೊಂದರಲ್ಲಿ 2025ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ನಿರಾಕರಿಸಿ, ವ್ಹೀಲಿಂಗ್ ತಡೆಗೆ ಇನ್ನಷ್ಟು ಬಿಗಿ ಕಾನೂನು ಬೇಕೆಂದಿತು. ಗುಜರಾತಿನಲ್ಲಿರುವ ಪೋಷಕರು ಮರೆಯಬಾರದ ಇನ್ನೊಂದು ಸಂಗತಿಯಿದೆ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ, 18 ತುಂಬದ ಮಗ ವಾಹನದಲ್ಲಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ.

ಇನ್ನು ಫತೇಗಂಜ್, ಪ್ರತಾಪಗಂಜ್ ಸುತ್ತ ಕೋಣೆ ಹಿಡಿದು ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಹುಡುಗರು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ಕೊಳ್ಳುವ ಮುನ್ನ ಎಚ್ಚರ ವಹಿಸುವುದು ಒಳಿತು. ಬೇರೆಯವರ ಶೋಕಿಗೆ ಇವರು ದಂಡ ತೆರಬೇಕಾದೀತು. ಹಿಂದಿನ ನಂಬರ್ ಪ್ಲೇಟ್, ಮಡ್‌ಗಾರ್ಡ್‌ನ ಅಂಚು ನೆಲಕ್ಕೆ ಉಜ್ಜಿ ಸವೆದಿದೆಯೇ ನೋಡಬೇಕು. ಫೋರ್ಕಿನ ಸೀಲ್ ಬಳಿ ಆಯಿಲ್ ಜಿನುಗುತ್ತಿದ್ದರೆ, ಮುಂದಿನ ಚಕ್ರ ಎತ್ತಿಹಿಡಿದು ಹ್ಯಾಂಡಲ್ ತಿರುಗಿಸಿದಾಗ ನಡುವೆ ಸಿಕ್ಕಿಕೊಂಡಂತಾದರೆ, ಎಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಮುಂದುವರಿಯಬಾರದು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಸದ್ದು ಕೇಳಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳುವುದೇ ಜಾಣತನ. ಆಯಿಲ್ ಮಟ್ಟ ನೋಡುವಾಗ ಬೈಕ್ ಸೈಡ್ ಸ್ಟ್ಯಾಂಡಿನಲ್ಲಿ ಇರಬಾರದು. ಸಮತಟ್ಟು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಯೇ ನೋಡಬೇಕು.