ತೊರೆಗೆ ತಕ್ಕ ಕೋಲು

ಫ್ಲೈ ಫಿಶಿಂಗ್, ಅಂದರೆ ಗರಿ ಮತ್ತು ನೂಲು ಸುತ್ತಿ ಮಾಡಿದ ಹುಸಿಹುಳವನ್ನು ಗಾಳಕ್ಕೆ ಕಟ್ಟಿ ಟ್ರೌಟ್ ಮೀನು ಹಿಡಿಯುವ ವಿಧಾನದಲ್ಲಿ, ಎಸೆಯುವ ಭಾರವಿರುವುದು ಗಾಳದಲ್ಲಲ್ಲ, ದಪ್ಪನೆಯ ದಾರದಲ್ಲಿ. ದಾರದ ತೂಕಕ್ಕೆ ಬಾಗಿದ ಕೋಲು ಮತ್ತೆ ಸೆಟೆದು ನಿಲ್ಲುವಾಗ ದಾರ ಮುಂದಕ್ಕೆ ಚಿಮ್ಮುತ್ತದೆ. ಅಮೆರಿಕದ ತಯಾರಕರು 1960ರ ದಶಕದ ಆರಂಭದಲ್ಲಿ ದಾರದ ಮೊದಲ 30 ಅಡಿಯ ತೂಕವನ್ನು ಆಧರಿಸಿ ಅದಕ್ಕೆ ಸಂಖ್ಯೆ ಕೊಡುವ ಪದ್ಧತಿ ತಂದರು. 4ನೇ ಸಂಖ್ಯೆಯ ದಾರವೆಂದರೆ 120 ಗ್ರೇನ್, ಸುಮಾರು 7.8 ಗ್ರಾಂ. ಆದರೆ ಪೊದೆ ಕವಿದ ಕಿರುತೊರೆಯಲ್ಲಿ ಕೋಲಿನಿಂದಾಚೆ ಹೋಗುವುದು ಹತ್ತು ಹನ್ನೆರಡು ಅಡಿ ದಾರ ಮಾತ್ರ, ಅದೂ ಸಪೂರವಾದ ಮುಂತುದಿ. ಅಷ್ಟು ಹಗುರ ಭಾರಕ್ಕೂ ಬಾಗುವಂತೆ ಕೋಲಿನ ದಪ್ಪವನ್ನು ಬುಡದಿಂದ ತುದಿಗೆ ಇಳಿಸುತ್ತ ಹೋಗುವುದೇ ವಿನ್ಯಾಸಕಾರನ ಮುಖ್ಯ ಕಸುಬು.

ಈ ಕಸುಬು ಪಳಗಿದ್ದು ಬಿದಿರಿನ ಮೇಲೆ. 19ನೆಯ ಶತಮಾನದ ಅಮೆರಿಕದಲ್ಲಿ ಅದಕ್ಕೆ ಬಳಕೆಯಾದದ್ದು ಕಲ್ಕತ್ತೆಯ ಬಂದರಿನಿಂದ ಹಡಗೇರಿದ, ಮೈಮೇಲೆ ಸುಟ್ಟ ಕಲೆಗಳಿದ್ದ ಭಾರತದ ಬಿದಿರು. ಮೇನ್ ರಾಜ್ಯದ ಬ್ಯಾಂಗೋರ್ ಊರಿನ ಹೈರಮ್ ಲೆನಾರ್ಡ್ 1870ರ ದಶಕದಲ್ಲಿ ಆರು ದಬ್ಬೆಗಳನ್ನು ಅಂಟಿಸಿ ಆರು ಮೂಲೆಯ ಕೋಲು ಮಾಡುವುದನ್ನು ಉದ್ಯಮವಾಗಿಯೇ ಬೆಳೆಸಿ, ದಬ್ಬೆಗಳನ್ನು 60 ಡಿಗ್ರಿ ಕೋನಕ್ಕೆ ಸೀಳುವ ಯಂತ್ರವನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು ಕಾಯುತ್ತಿದ್ದ. ಬೀಗ ಗುಟ್ಟನ್ನು ಕಾಯಲಿಲ್ಲ, ಅವನ ಕಾರ್ಖಾನೆಯಿಂದ ಹೊರಬಿದ್ದ ಥಾಮಸ್, ಎಡ್ವರ್ಡ್ಸ್ ಮೊದಲಾದವರು ತಮ್ಮದೇ ಯಂತ್ರ ಕಟ್ಟಿಕೊಂಡು ಅವನಿಗೆ ಎದುರಾಳಿಗಳಾದರು. ಇದೇ ಪೈಪೋಟಿಯ ಫಲವಾಗಿ ಅಮೆರಿಕಕ್ಕೆ ಒಂದೇ ಮನೆತನದ ಬದಲು ಹಲವು ಒಳ್ಳೆಯ ಕೋಲುಗಾರರು ದಕ್ಕಿದರೆಂದರೆ ತಪ್ಪಲ್ಲ.

20ನೆಯ ಶತಮಾನದ ಆರಂಭದ ಹೊತ್ತಿಗೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಟೊಂಕಿನ್ ಬಿದಿರು ಕಲ್ಕತ್ತೆಯ ಬಿದಿರನ್ನು ಹಿಂದಿಕ್ಕಿತು, ಏಕೆಂದರೆ ಅದರ ಹೊರಮೈಗೆ ಹತ್ತಿದ ನಾರುಗಳು ಹೆಚ್ಚು ದಟ್ಟ, ಗೆಣ್ಣುಗಳು ಅಷ್ಟೊಂದು ಉಬ್ಬಿಲ್ಲ. ಕೈಯಿಂದ ಮಾಡುವವನು ಹೊಳಪಿನ ಹೊರಮೈಯನ್ನು ಮುಟ್ಟದೆ, ಉಕ್ಕಿನ ಅಚ್ಚಿನಲ್ಲಿ ದಬ್ಬೆಯನ್ನಿಟ್ಟು ಒಳಗಿನ ಎರಡು ಮೈಗಳಿಗಷ್ಟೇ ಹತ್ತರಿ ಹೊಡೆಯುತ್ತಾನೆ. ತುದಿಯ ಬಳಿ ದಬ್ಬೆ ಒಂದು ಮಿಲಿಮೀಟರಿಗಿಂತಲೂ ತೆಳುವಾಗುವುದರಿಂದ, ಅಲ್ಲಿ ಕೂದಲೆಳೆಯಷ್ಟು ಹೆಚ್ಚು ತೆಗೆದರೂ ಕೋಲಿನ ಗುಣವೇ ಬದಲಾಗುತ್ತದೆ. ಡೆಟ್ರಾಯಿಟ್‌ನ ಪಾಲ್ ಯಂಗ್ ಇದೇ ಸೂಕ್ಷ್ಮವನ್ನು ದುಡಿಸಿಕೊಂಡು, 6 ಅಡಿ 3 ಇಂಚಿನ 'ಮಿಡ್ಜ್' ಎಂಬ ಕೋಲನ್ನು ರೂಪಿಸಿದ. ಎಂಜಿನಿಯರ್ ಆಗಿದ್ದ ಎವರೆಟ್ ಗ್ಯಾರಿಸನ್ ಬಾಗುವ ಬಲದ ಲೆಕ್ಕಾಚಾರದಿಂದಲೇ ದಪ್ಪಗಳನ್ನು ನಿರ್ಧರಿಸಿದ.

1950ರಲ್ಲಿ ಕೊರಿಯಾ ಯುದ್ಧದ ಬಿಸಿಗೆ ಅಮೆರಿಕ ಚೀನಾದೊಡನೆ ವ್ಯಾಪಾರ ನಿಲ್ಲಿಸಿತು. ಬಿದಿರು ಬರುವುದು ನಿಂತಾಗ, ಆಗಲೇ ಮಾರುಕಟ್ಟೆಗೆ ಬಂದಿದ್ದ ಫೈಬರ್‌ಗ್ಲಾಸ್‌ಗೆ ದಾರಿ ಸಲೀಸಾಯಿತು. ಆ ಕೋಲುಗಳು ಅಗ್ಗವಾಗಿದ್ದವು, ಮೆದುವಾಗಿದ್ದರಿಂದ ಕಿರುತೊರೆಗೂ ಒಗ್ಗಿದವು. 1973ರಿಂದ ಬಂದ ಗ್ರಾಫೈಟ್ ಹಗುರ, ಬಿರುಸು, ಬಹು ದೂರ ಎಸೆಯಬಲ್ಲದ್ದು. ತಯಾರಕರೂ ದೂರದ ಎಸೆತವನ್ನೇ ಜಾಣ್ಮೆಯ ಅಳತೆಯಾಗಿ ಮಾರಿದ್ದರಿಂದ, ಹನ್ನೆರಡು ಅಡಿ ಆಚೆಗಿನ ಮೀನಿಗಾಗಿ ಎಪ್ಪತ್ತು ಅಡಿ ಎಸೆಯುವ ಕೋಲನ್ನು ಕೊಳ್ಳುವ ವಿಚಿತ್ರ ರೂಢಿಯಾಯಿತು. ಅಷ್ಟು ಚೂರು ದಾರಕ್ಕೆ ಬಾಗದ ಬಿರುಸುಕೋಲಿಗೆ ಒಂದು ಸಂಖ್ಯೆ ಹೆಚ್ಚಿನ, ಅಂದರೆ ಇನ್ನಷ್ಟು ಭಾರದ ದಾರ ಹಾಕಿ ಬಾಗಿಸುವ ಉಪಾಯ ಬಳಕೆಗೆ ಬಂದದ್ದು ಈ ಕಾರಣಕ್ಕೇ. ಒಮ್ಮೆ ಹಳತೆಂದು ಮೂಲೆಗೆ ತಳ್ಳಿದ್ದ ಫೈಬರ್‌ಗ್ಲಾಸ್ ಕೋಲುಗಳನ್ನು ಕೆಲವು ಕಂಪನಿಗಳು ಸಣ್ಣ ತೊರೆಗೆಂದೇ ಈಗ ಮತ್ತೆ ತಯಾರಿಸುತ್ತಿವೆ.