ಹದಿಮೂರರ ಬಾಲಕ ಕಟ್ಟಿದ ಕಂಪ್ಯೂಟರ್ ಬಳಗ

ಪರ್ಸನಲ್ ಕಂಪ್ಯೂಟರ್ ಮನೆಮನೆ ಸೇರಿದ್ದರ ಶ್ರೇಯಸ್ಸು ಸಾಮಾನ್ಯವಾಗಿ ಕಂಪನಿಗಳಿಗೇ ಸಲ್ಲುತ್ತದೆ. ಬಳಕೆದಾರರಿಗೂ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕು ಎಂಬುದಕ್ಕೆ ಅಮೆರಿಕದ ಬಾಸ್ಟನ್ ಕಂಪ್ಯೂಟರ್ ಸೊಸೈಟಿಯೇ ಸಾಕ್ಷಿ. 1977ರಲ್ಲಿ ಇದನ್ನು ಹುಟ್ಟುಹಾಕಿದವರಲ್ಲಿ ಒಬ್ಬನಾದ ಜೊನಾಥನ್ ರೋಟೆನ್‌ಬರ್ಗ್‌ಗೆ ಆಗ ಬರೀ 13 ವರ್ಷ! ಕಂಪ್ಯೂಟರ್ ಕೊಂಡವರಿಗೆ ಅದನ್ನು ಏನು ಮಾಡಬೇಕೆಂದೇ ತಿಳಿಯದ ಆ ಕಾಲದಲ್ಲಿ, ಬಲ್ಲವರು ಉಳಿದವರಿಗೆ ಸಂಬಳವಿಲ್ಲದೆ ಹೇಳಿಕೊಟ್ಟರು. ಒಂದೊಂದು ಬಗೆಯ ಯಂತ್ರಕ್ಕೂ, ಒಂದೊಂದು ಆಸಕ್ತಿಗೂ ಪ್ರತ್ಯೇಕ ಗುಂಪುಗಳು ಹುಟ್ಟಿದವು. ಅವನ್ನು ನಡೆಸಿದವರು ಸ್ವಯಂಸೇವಕರು. ಉಚ್ಛ್ರಾಯದಲ್ಲಿ ಸದಸ್ಯರ ಸಂಖ್ಯೆ 30,000 ದಾಟಿತು. ಜಾಹೀರಾತಿನಿಂದ ಯಂತ್ರ ಮಾರಬಹುದು, ಆದರೆ ಇಷ್ಟು ಜನರಿಗೆ ಅದನ್ನು ಕಲಿಸಲಾಗದು.

ಇದು ಕಂಪನಿಗಳ ಪ್ರಚಾರ ವೇದಿಕೆಯಷ್ಟೇ ಎಂದು ಯಾರಾದರೂ ಆಕ್ಷೇಪಿಸಬಹುದು. 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಹೊಚ್ಚಹೊಸ ಮೆಕಿಂಟಾಷನ್ನು ಈ ಸೊಸೈಟಿಯ ಸಭೆಗೆ ತಂದು ತೋರಿಸಿದ್ದು ನಿಜ. ಆದರೆ ಎದುರಿಗೆ ಕೂತಿದ್ದವರು ಬರೀ ಗಿರಾಕಿಗಳಲ್ಲ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಬಳಸಿ ಪಳಗಿದವರು, ಹೋಲಿಸಿ ಪ್ರಶ್ನೆ ಕೇಳಬಲ್ಲವರು. ತಯಾರಕರು ಇಲ್ಲಿಗೆ ಬರುತ್ತಿದ್ದುದೇ ಆ ತಿಳಿವಳಿಕೆಗೆ ಬೆಲೆಯಿದ್ದುದರಿಂದ. 1996ರಲ್ಲಿ ಸೊಸೈಟಿ ಮುಚ್ಚಿತು. ಅದನ್ನು ಸೋಲೆನ್ನುವುದು ಸರಿಯಲ್ಲ: ಅಷ್ಟರಲ್ಲಿ ಕಂಪ್ಯೂಟರ್ ಬಳಕೆ ಸುಲಭವಾಗಿತ್ತು, ಪುಸ್ತಕ, ಪತ್ರಿಕೆ, ಇಂಟರ್ನೆಟ್ಟುಗಳಲ್ಲಿ ನೆರವು ಸಿಗತೊಡಗಿತ್ತು.