ಬರಹದ ತಂತ್ರಾಂಶಕ್ಕೊಂದು ತೇಪೆ

ಮೈಲಾರದ ‘ಕಾರ್ಣಿಕ’ವನ್ನು ಗಣಕದಲ್ಲಿ ಬರೆಯುವಾಗ ನಾವು ‘ರ’ವನ್ನು ಮೊದಲು ಒತ್ತುತ್ತೇವೆ; ಅರ್ಕಾವೊತ್ತಾದರೋ ‘ಣಿ’ಯ ಬಳಿಕ ನಿಲ್ಲತಕ್ಕದ್ದು. ಈ ಜೋಡಣೆ ತಪ್ಪಿದರೆ ಪದವು ಒಡೆದು ಕಾಣುವುದು. ರಿಚರ್ಡ್ ಸ್ಟಾಲ್‌ಮನ್ನರು 1985ರಲ್ಲಿ ಹೊರತಂದ ಗ್ನೂ ಈಮ್ಯಾಕ್ಸ್ ಎಂಬ ಬರಹದ ತಂತ್ರಾಂಶದಲ್ಲಿ, ಯಾವ ಕನ್ನಡಾಕ್ಷರಗಳು ಒಟ್ಟುಗೂಡಬೇಕೆಂಬ ನಿಯಮವು ಇಂದು ಕೆಲವೇ ಸಾಲುಗಳಲ್ಲಿದೆ. ಅದನ್ನು ಯಾರೂ ಓದಬಹುದು, ತಿದ್ದಲೂಬಹುದು. ಮೂಲಸಂಕೇತವನ್ನು ಮುಚ್ಚಿಟ್ಟ ತಂತ್ರಾಂಶಗಳಲ್ಲಾದರೆ ತಯಾರಕರ ದಯೆಗೆ ಕಾಯಬೇಕು.

ತಿದ್ದುವಾಕೆ ಇಡೀ ಕಡತವನ್ನು ಕಳುಹಿಸಬೇಕಾಗಿಲ್ಲ. ತೆಗೆದ ಸಾಲಿನ ಮೊದಲಿಗೆ ಋಣಚಿಹ್ನೆಯನ್ನೂ ಸೇರಿಸಿದ ಸಾಲಿನ ಮೊದಲಿಗೆ ಧನಚಿಹ್ನೆಯನ್ನೂ ಇಟ್ಟು, ಕಾರಣವನ್ನು ಬರೆದರೆ ಸಾಕು. ರವಿಕೆಗೆ ಹಾಕಿದ ತೇಪೆಯೆನ್ನೋಣ. ಸುಮಾರು 15 ಸಾಲಿನೊಳಗಿನ ತೇಪೆಗೆ ಹಕ್ಕು ಬಿಟ್ಟುಕೊಡುವ ಪತ್ರವೂ ಬೇಡ. ಪರೀಕ್ಷಿಸುವವರಿಗೆ ಕನ್ನಡ ಬಾರದಿರಬಹುದಾದ್ದರಿಂದ, ಸರಿಯಾದ ರೂಪವನ್ನು ಬಲ್ಲವಳೇ ಬರೆದು ತೋರಿಸಬೇಕು. ಒಪ್ಪಿತವಾದ ತೇಪೆಯು ಮುಂದಿನ ಆವೃತ್ತಿಯೊಡನೆ ಎಲ್ಲರಿಗೂ ಸಲ್ಲುವುದು.